ಹುಡುಗ ಲಂಡನ್ನಲ್ಲಿ ಇಲ್ಲ ಅಮ್ಮ

ಅಮ್ಮಾ,

ನಾವೆಲ್ಲ ಚೆನ್ನಾಗಿದೀವಿ, ನೀವೂ ಚೆನ್ನಾಗಿದೀರ ಅಂದ್ಕೊಂಡಿದೀನಿ. ಅಪ್ಪನ ಮಂಡಿ ನೋವು ಹೇಗಿದೆ, ಕೊಬ್ಬರಿ ಮಾರಿದ್ರಾ ಇಲ್ಲ ಇನ್ನೂ ರೇಟ್ ಏರ್ಲಿ ಅಂತ ಕಾಯ್ತಾನೇ ಇದಾರಾ. ಸರಿ ವಿಷಯಕ್ಕೆ ಬರ್ತೀನಿ. ನಿನ್ನ ವಾಯ್ಸ್ ಮೆಸೇಜ್ ಮೂರೂ ಕೇಳ್ದೆ, ಮೂರನೇದ್ರಲ್ಲಿ ಅಳ್ತಿದ್ದೆ, ನೆಗಡಿ ಅಂತ ಹೇಳ್ಬೇಡ ನಂಗೊತ್ತಾಗುತ್ತೆ. ಫೋನ್ ಮಾಡಿದ್ರೆ ಅಜ್ಜಿ ಸ್ಪೀಕರ್ ಹಾಕಿಸ್ತಾರೆ, ಆಮೇಲೆ ತಿಪಟೂರಿಗೆಲ್ಲ ಗೊತ್ತಾಗುತ್ತೆ, ಅದಕ್ಕೆ ಬರೀತಿದೀನಿ. ನೀನೊಬ್ಳೇ ಓದು. ಪುಟ್ಟಿಗೆ ಈಗ್ಲೇ ತೋರಿಸ್ಬೇಡ.

ಪುಟ್ಟಿಗೆ ನೋಡಿರೋ ಹುಡುಗನ ಹತ್ರ ಭಾನುವಾರ 40 ನಿಮಿಷ ಮಾತಾಡ್ದೆ. ಒಳ್ಳೆಯವನ ಥರಾನೇ ಇದಾನೆ, ಅದನ್ನ ಮೊದಲೇ ಹೇಳ್ಬಿಡ್ತೀನಿ, ಗಾಬರಿ ಆಗ್ಬೇಡ. ಆದ್ರೆ ಬಯೋಡೇಟಾದಲ್ಲಿ ಏನೇ ಬರ್ದಿರ್ಲಿ, ಆ ಬ್ರೋಕರಪ್ಪ ಏನೇ ಹೇಳಿರ್ಲಿ, ಅವನು ಲಂಡನ್ನಲ್ಲಿ ಇಲ್ಲ. ಕೊವೆಂಟ್ರಿ ಅಂತ ಒಂದು ಊರಿದೆ, ಅಲ್ಲಿದಾನೆ. ಅವನಾಗೇ ಹೇಳ್ಲಿಲ್ಲ, ನಾನೇ ಕಂಡ್ಹಿಡ್ದೆ, ಅದೂ ಒಂದು ಬನ್ನಿಂದ.

ನಗಬೇಡ, ನಿನ್ನಿಂದಾನೇ ಬಂದಿರೋ ಬುದ್ಧಿ ಇದು. ಬಸ್ಸಲ್ಲಿ ಪಕ್ಕದ ಹೆಂಗಸು ಕಡ್ಲೆಕಾಯಿಗೆ ಶೇಂಗಾ ಅಂದಿದ್ದೇ ತಡ, ಯಾವೂರಮ್ಮ ನಿಮ್ದು ಹುಬ್ಬಳ್ಳಿನಾ ಗದಗಾ ಅಂತ ಶುರು ಮಾಡ್ತಿದ್ದೆ, ಆಯಮ್ಮ ಇಳಿಯೋದ್ರೊಳಗೆ ಅವರ ಮನೇಲಿ ಎಷ್ಟು ಎಮ್ಮೆ ಇದಾವೆ ಅನ್ನೋದೂ ನಿನಗೆ ಗೊತ್ತಿರ್ತಿತ್ತು. ಇಲ್ಲಿ ಇಂಗ್ಲೆಂಡಲ್ಲೂ ಹಾಗೇನೇ. ಇಂಗ್ಲಿಷ್ ಅಂದ್ರೆ ಟೀವಿಲಿ ಬರೋ ಥರ ಒಂದೇ ಇಂಗ್ಲಿಷ್ ಅಂದ್ಕೊಂಡು ಬಂದಿದ್ನಲ್ಲ, ಪರೀಕ್ಷೆ ಬೇರೆ ಪಾಸು ಮಾಡ್ಕೊಂಡು, ಆಸ್ಪತ್ರೆ ವಾರ್ಡಿಗೆ ಕಾಲಿಟ್ಟ ಮೊದಲನೇ ವಾರಾನೇ ಎಲ್ಲ ಹೊಗೆ. ಬರೀ ಒಂದು ದುಂಡು ಬನ್ನಿಗೆ ಈ ಪುಟಾಣಿ ದೇಶದಲ್ಲಿ ಎಷ್ಟು ಹೆಸರು ಗೊತ್ತಾ, ನಮ್ಮ ಶೆಫೀಲ್ಡಲ್ಲಿ ಬ್ರೆಡ್‌ಕೇಕ್ ಅಂತಾರೆ, ಬೆಟ್ಟ ದಾಟಿ ಮ್ಯಾಂಚೆಸ್ಟರ್ ಕಡೆ ಹೋದ್ರೆ ಬಾರ್ಮ್, ನಾಟಿಂಗ್‌ಹ್ಯಾಮಲ್ಲಿ ಕಾಬ್, ನ್ಯೂಕ್ಯಾಸಲ್‌ನವರದ್ದು ಸ್ಟಾಟಿ, ಅದು ಸ್ವಲ್ಪ ದೊಡ್ಡದು ಚಪ್ಪಟೆ, ಲಂಡನ್ನವರು ಸುಮ್ನೆ ರೋಲ್ ಅಂತಾರೆ. ಒಂದೊಂದು ಊರಿನವರೂ ತಮ್ಮದೇ ಸರಿ ಅಂತ ಜಗಳಕ್ಕೇ ಬರ್ತಾರೆ, ನಾವು ಕಡ್ಲೆಪುರಿ ಅಂದ್ರೆ ದಾವಣಗೆರೆಯವರು ಮಂಡಕ್ಕಿ, ಧಾರವಾಡದವರು ಚುರುಮುರಿ ಅಂದ ಹಾಗೆ. ಎರಡು ಮನೆ ಮಧ್ಯದ ಸಂದಿ ಇದೆಯಲ್ಲ, ಅದಕ್ಕೆ ಇಲ್ಲಿ ಜೆನ್ನೆಲ್, ಲೆಸ್ಟರ್ ಕಡೆ ಜಿಟ್ಟಿ. ಟೀ ಆಯ್ತಾ ಅಂದ್ರೆ ರಾತ್ರಿ ಊಟ ಆಯ್ತಾ ಅಂತ! ಇಲ್ಲಿ ಗಂಡಸರು ಗಂಡಸರನ್ನೇ ಲವ್ ಅಂತ ಕರೀತಾರೆ, ಮೊದಲನೇ ದಿನ ಬಸ್ ಡ್ರೈವರ್ ಇವರಿಗೆ ಥ್ಯಾಂಕ್ಸ್ ಲವ್ ಅಂದಿದ್ದಕ್ಕೆ ಇವರ ಮುಖ ನೋಡ್ಬೇಕಿತ್ತು ನೀನು. ಇಲ್ಲೇ ಹತ್ರ ಚೆಸ್ಟರ್‌ಫೀಲ್ಡಿಗೆ ಹೋದ್ರೆ ಲವ್ ಹೋಗಿ ಡಕ್ ಬರುತ್ತೆ, ನನ್ನನ್ನೂ ಒಬ್ಬ ಅಜ್ಜ ದಿನಾ ಬಾತುಕೋಳಿ ಅಂತಾನೇ ಕರೀತಿದ್ರು.

ಇನ್ನೊಬ್ಬ ಅಜ್ಜ ಬಾರ್ನ್ಸ್‌ಲಿ ಕಡೆಯವರು, ಸಕ್ಕರೆ ಕಾಯಿಲೆ, ಬೆಳಗ್ಗೆಯಿಂದ ಒಂಚೂರು ಸ್ಪೈಸ್ ಕೊಡು ಅಂತ ಪೀಡಿಸ್ತಿದ್ರು. ಪಾಪ ಆಸ್ಪತ್ರೆ ಸಪ್ಪೆ ಊಟಕ್ಕೆ ಬಾಯಿ ಕೆಟ್ಟಿದೆ ಅಂದ್ಕೊಂಡು ನನ್ನ ಡಬ್ಬೀಲಿದ್ದ ಚಟ್ನಿಪುಡಿ ತಂದು ಕೊಡೋಣ ಅಂತ ಹೊರಟಿದ್ದೆ, ಸಿಸ್ಟರ್ ತಡೆದು ಹೇಳಿದ್ರು, ಈ ಕಡೆ ಹಳೇ ಕಾಲದವರು ಸ್ಪೈಸ್ ಅಂದ್ರೆ ಮಿಠಾಯಿ! ಮಸಾಲೆ ಅಲ್ವೇ ಅಲ್ಲ. ಆವತ್ತಿಂದ ಯಾರು ಏನಂದ್ರೂ ಪುಸ್ತಕದಲ್ಲಿ ಬರ್ಕೊಳ್ತೀನಿ, ಯಾವ ಮಾತು, ಯಾರು ಅಂದ್ರು, ಅವರ ಊರು ಯಾವುದು. ನಾನೊಬ್ಳೇ ಹುಚ್ಚಿ ಅಲ್ಲಮ್ಮ, ಲೀಡ್ಸ್ ಯೂನಿವರ್ಸಿಟೀಲಿ ಹೆರಾಲ್ಡ್ ಆರ್ಟನ್ ಅಂತ ಒಬ್ಬ ಪ್ರೊಫೆಸರ್ ಇದ್ರು, 1950ರಿಂದ 1961ರವರೆಗೆ ತಮ್ಮ ಜನರನ್ನ ಕಳಿಸಿ ಇಂಗ್ಲೆಂಡಿನ 313 ಊರಲ್ಲಿ ವಯಸ್ಸಾದ ರೈತರನ್ನ ಕೂರಿಸ್ಕೊಂಡು ಸಾವಿರದ ಮುನ್ನೂರಕ್ಕೂ ಹೆಚ್ಚು ಪ್ರಶ್ನೆ ಕೇಳ್ಸಿದಾರೆ. ಪದ ತಾವು ಹೇಳೋ ಹಾಗಿಲ್ಲ, ಹಸು ಕಟ್ಟೋ ಜಾಗಕ್ಕೆ ಏನಂತೀರಿ ಅನ್ನೋ ಥರ ಕೇಳಿ ಅವರ ಬಾಯಿಂದಾನೇ ಬರಿಸ್ಬೇಕು. ನೀನು ಬಸ್ಸಲ್ಲಿ ಮಾಡಿದ್ದಕ್ಕೆ ಯಾರೂ ಸಂಬಳ ಕೊಡ್ಲಿಲ್ಲ ಅಷ್ಟೇ.

ಹಾಂ ಹುಡುಗ. ಕನ್ನಡ ಸರಿಯಾಗೇ ಇದೆ, ದಾವಣಗೆರೆ ಅಂತ ಹೇಳಿರೋದು ನಿಜ, ಮಂಡಕ್ಕಿ ಮೆಣಸಿನಕಾಯಿ ತಿಂದು ಎರಡು ವರ್ಷ ಆಯ್ತಕ್ಕ ಅಂತ ನಿಟ್ಟುಸಿರು ಬಿಟ್ಟ. ಆಮೇಲೆ ಬೆಳಗ್ಗೆ ಏನು ತಿಂತೀಯಪ್ಪ ಅಂದೆ, ಏನಿಲ್ಲ ಅಕ್ಕ ಆಫೀಸ್ ಹತ್ರ ಒಂದು ಎಗ್ ಬ್ಯಾಚ್ ತಗೋತೀನಿ ಅಂದ. ನನ್ನ ಕಿವಿ ನೆಟ್ಟಗಾಯ್ತು. ಬನ್ನಿಗೆ ಬ್ಯಾಚ್ ಅನ್ನೋಳು ನಮ್ಮ ವಾರ್ಡಲ್ಲಿ ಒಬ್ಳೇ ಒಬ್ಳು, ನನೀಟನ್‌ನವಳು, ಅದು ಕೊವೆಂಟ್ರಿ ಪಕ್ಕದ ಊರು, ಆ ಮಾತಿಗೆ ಅವಳನ್ನ ಎಲ್ಲರೂ ಗೋಳು ಹುಯ್ಕೊಳ್ತಾರೆ. ಸುಮ್ನಿದ್ದೆ. ಆಫೀಸಿಗೆ ಹೇಗೆ ಹೋಗ್ತೀಯ ಅಂದೆ, ಕಾರಲ್ಲಿ ಹತ್ತು ನಿಮಿಷ, ಎರಡನೇ ಐಲೆಂಡ್ ಹತ್ರ ಎಡಕ್ಕೆ ಅಂದ. ದ್ವೀಪ ಅಲ್ಲಮ್ಮ, ನಮ್ಮ ಸರ್ಕಲ್, ರೌಂಡಬೌಟ್. ಅದಕ್ಕೆ ಐಲೆಂಡ್ ಅನ್ನೋದೂ ಆ ಮಿಡ್‌ಲ್ಯಾಂಡ್ಸ್ ಕಡೆಯವರೇ. ಅದೂ ಅಲ್ದೆ ಲಂಡನ್ನಲ್ಲಿ ಕಾರಲ್ಲಿ ಹತ್ತೇ ನಿಮಿಷಕ್ಕೆ ಆಫೀಸು ಸೇರೋ ಭಾಗ್ಯ ಯಾರಿಗಿದೆ. ಬಾಯಿಬಿಟ್ಟು ಕೇಳೇಬಿಟ್ಟೆ, ಕೊವೆಂಟ್ರಿಗೆ ಬಂದು ಎಷ್ಟು ವರ್ಷ ಆಯ್ತಪ್ಪ? ಒಂದು ಕ್ಷಣ ಮಾತೇ ಇಲ್ಲ. ಆಮೇಲೆ ನಾಲ್ಕು ವರ್ಷ ಅಕ್ಕ, ನಿಮಗ್ಯಾರು ಹೇಳಿದ್ರು ಅಂದ. ನೀನೇ ಈಗ ಹೇಳಿದ್ಯಲ್ಲ ಅಂದೆ.

ನಮ್ಮಮ್ಮಂಗೆ ಕೊವೆಂಟ್ರಿ ಅಂದ್ರೆ ಬಾಯಿ ತಿರುಗಲ್ಲ, ಕೇಳೋರಿಗೂ ಗೊತ್ತಾಗಲ್ಲ ಅಂತ ಎಲ್ಲರಿಗೂ ಲಂಡನ್ ಅಂತಾನೇ ಹೇಳ್ತಾರೆ, ಬ್ರೋಕರ್ ಅದನ್ನೇ ಬರ್ಕೊಂಡ್ರು ಅಂತಾನೆ. ಇರಬಹುದು. ಕೊವೆಂಟ್ರಿಯಿಂದ ಲಂಡನ್ ಅಂದ್ರೆ ಬೆಂಗಳೂರು ಮೈಸೂರು ಇದ್ದಷ್ಟು ದೂರ, ನಮ್ಮ ಚಿಕ್ಕಪ್ಪನೂ ನಾನು ಲಂಡನ್ನಲ್ಲಿದೀನಿ ಅಂತಾನೇ ಹೇಳ್ಕೊಂಡು ತಿರುಗಲ್ವಾ, ಶೆಫೀಲ್ಡ್ ಅಂತ ಯಾವತ್ತಾದ್ರೂ ಅಂದಿದಾರಾ. ಆದ್ರೆ ಬಯೋಡೇಟಾ ಇವನೂ ನೋಡಿರ್ತಾನಲ್ಲ, ತಿದ್ದಿಸ್ಬಹುದಿತ್ತು. ಅಲ್ಲಿ ನನಗೆ ಚುಚ್ತಾ ಇದೆ.

ಇವರು ಹೇಳ್ತಾರೆ ಕೆಲಸ ಬಿಟ್ಟು ಸಿಐಡಿ ಸೇರ್ಕೋ ಅಂತ. ತಮಾಷೆ ಅಲ್ಲ, ಇಲ್ಲಿ ಪೊಲೀಸರೂ ಇದನ್ನ ಮಾಡಿದಾರೆ. 1979ರಲ್ಲಿ ಯಾರ್ಕ್‌ಶೈರಲ್ಲಿ ಒಬ್ಬ ಹೆಂಗಸರನ್ನ ಕೊಲ್ತಾ ಇದ್ದ (ಹಳೇ ಕಥೆ, ಹೆದರಬೇಡ, ನಾನು ರಾತ್ರಿ ಡ್ಯೂಟಿ ಆದ್ರೆ ಇವರೇ ಕರ್ಕೊಂಡು ಬರ್ತಾರೆ), ನಾನೇ ಕೊಲೆಗಾರ ಅಂತ ಪೊಲೀಸರಿಗೆ ಕಾಗದ, ಆಮೇಲೆ ಒಂದು ಕ್ಯಾಸೆಟ್ ಬಂತು. ಆ ಲೀಡ್ಸ್ ಸರ್ವೆಲಿ ಕೆಲಸ ಮಾಡಿದ್ದ ಸ್ಟಾನ್ಲಿ ಎಲ್ಲಿಸ್ ಅನ್ನೋರು ಆ ಕ್ಯಾಸೆಟ್ ಕೇಳಿ, ಇವನು ಸಂಡರ್‌ಲ್ಯಾಂಡಿನವನು, ಅದರಲ್ಲೂ ಕ್ಯಾಸಲ್‌ಟೌನ್ ಕಡೆಯವನು ಅಂದ್ರು. ಊರು ಸರಿಯಾಗೇ ಇತ್ತು, 2005ರಲ್ಲಿ ಆ ಕಾಗದದ ಕವರಿನ ಎಂಜಲಿನ ಡಿಎನ್‌ಎಯಿಂದ ಸಿಕ್ಕಿಬಿದ್ದ, ಸಂಡರ್‌ಲ್ಯಾಂಡಿನವನೇ. ಆದ್ರೆ ಕೊಲೆಗಾರ ಅವನಲ್ವೇ ಅಲ್ಲ, ಬರೀ ಸುಳ್ಳು ಹೇಳಿ ಆಟ ಆಡಿದ್ದ. ಪೊಲೀಸರು ಆ ಮಾತಿನ ಧಾಟಿ ಹಿಡ್ಕೊಂಡು ಹುಡುಕ್ತಾ ಕೂತ್ರು, ನಿಜವಾದವನು ಬ್ರಾಡ್‌ಫರ್ಡಿನ ಲಾರಿ ಡ್ರೈವರ್ರು, 1981ರಲ್ಲಿ ನಮ್ಮ ಶೆಫೀಲ್ಡಲ್ಲೇ ಸಿಕ್ಕ. ಈ ಕಥೆ ನೆನಪಾಗಿ ಭಾನುವಾರ ರಾತ್ರಿ ನಿದ್ದೆ ಬರ್ಲಿಲ್ಲ ಕಣಮ್ಮ. ಅವನ ಊರು ಹಿಡ್ದೆ ಅಂತ ಬೀಗ್ತಿದ್ನಲ್ಲ, ಸಂಬಳ ಎಷ್ಟು, ವೀಸಾ ಎಷ್ಟು ವರ್ಷ ಇದೆ, ನೀನು ಅಳ್ಕೊಂಡು ಕೇಳಿದ್ಯಲ್ಲ ಅಲ್ಲಿ ಯಾರಾದ್ರೂ ಇದಾಳಾ ಅಂತ, ಅದೆಲ್ಲ ಬನ್ನಿಂದ ಗೊತ್ತಾಗುತ್ತಾ. ಕೇಳ್ದೆ, ಯಾರೂ ಇಲ್ಲ ಅಕ್ಕ ಅಂದ. ದನಿ ನಡುಗ್ಲಿಲ್ಲ. ಅಷ್ಟು ಮಾತ್ರ ಹೇಳಬಲ್ಲೆ.

ಅದಕ್ಕೆ ಬರೋ ಶನಿವಾರ ನಾನೂ ಇವರೂ ಟ್ರೇನಲ್ಲಿ ಕೊವೆಂಟ್ರಿಗೆ ಹೋಗ್ತಿದೀವಿ. ನೀನು ಕಳ್ಸಿದ ಚಟ್ನಿಪುಡಿ ಕೊಡೋ ನೆಪ. ಮನೆ ನೋಡ್ತೀವಿ, ಜೊತೇಲಿರೋ ಹುಡುಗರನ್ನ ಮಾತಾಡಿಸ್ತೀವಿ, ಬಾಗಿಲ ಹತ್ರ ಎಷ್ಟು ಜೊತೆ ಚಪ್ಪಲಿ ಇದೆ ಯಾರದ್ದು ಅಂತಾನೂ ನೋಡ್ಕೊಂಡು ಬರ್ತೀನಿ ಆಯ್ತಾ. ಅಲ್ಲಿವರೆಗೆ ನೀವು ಹೂಂ ಅನ್ಬೇಡಿ ಉಹೂಂ ಅನ್ಬೇಡಿ, ಛತ್ರ ಗಿತ್ರ ವಿಚಾರಿಸೋಕೆ ಅಪ್ಪನ್ನ ಬಿಡ್ಬೇಡ. ಬ್ರೋಕರಿಗೆ ನಾನು ಹೇಳ್ದೆ ಅನ್ನದೆ ಸುಮ್ನೆ ಲಂಡನ್ನಲ್ಲಿ ಯಾವ ಏರಿಯಾ ಅಂತ ಕೇಳು, ಏನಂತಾನೆ ನೋಡೋಣ. ಏನೂ ಆಗಲ್ಲ ಅಮ್ಮ, ಎಲ್ಲ ಒಳ್ಳೇದೇ ಆಗುತ್ತೆ, ಹುಡುಗ ಒಳ್ಳೆಯವನೇ ಇರ್ತಾನೆ, ನೀನು ಸುಮ್ನೆ ಬೀಪಿ ಏರಿಸ್ಕೋಬೇಡ, ಮಾತ್ರೆ ತಗೊಂಡ್ಯಾ, ನಂಗೇನೂ ಭಯ ಇಲ್ಲ ನಿಜವಾಗ್ಲೂ.

ಬಸ್ಸಿಗೆ ಟೈಮಾಯ್ತು, ಇವತ್ತು ಮಧ್ಯಾಹ್ನದ ಶಿಫ್ಟು. ಅಜ್ಜಿಗೆ ಕೇಳ್ದೆ ಅಂತ ಹೇಳು. ಶನಿವಾರ ರಾತ್ರಿ ನಿಂಗೊಬ್ಳಿಗೇ ಮೆಸೇಜ್ ಹಾಕ್ತೀನಿ, ಗ್ರೂಪಲ್ಲಿ ಏನೂ ಕೇಳ್ಬೇಡ. ಇಡ್ತೀನಿ.

ನಿನ್ನ ದೊಡ್ಡ ಮಗಳು