ಬಲೂನಿನವರಿಗೆ ಇತ್ತು, ಪೈಲಟ್‌ಗಳಿಗೆ ಇರಲಿಲ್ಲ

ಸಂಪಾದಕರೇ,

ನಿಮ್ಮ ಭಾನುವಾರದ ಪುರವಣಿಯ ಪ್ಯಾರಾಚೂಟ್ ಲೇಖನ ಓದಿದೆ. 1797ರಲ್ಲಿ ಪ್ಯಾರಿಸ್‌ನಲ್ಲಿ ಬಲೂನಿನಿಂದ ಇಳಿದ ಗಾರ್ನೆರಿನ್, 1912ರಲ್ಲಿ ಐಫೆಲ್ ಗೋಪುರದಿಂದ ಹಾರಿ ಸತ್ತ ದರ್ಜಿ ರೈಶೆಲ್ಟ್, ಎಲ್ಲ ಇದ್ದಾರೆ. ಆದರೆ ಅಲ್ಲಿಂದ ಸೀದಾ ಎರಡನೇ ಮಹಾಯುದ್ಧಕ್ಕೆ ಜಿಗಿದುಬಿಟ್ಟಿದ್ದೀರಿ. ಮೊದಲನೇದು ಎಲ್ಲಿ ಹೋಯ್ತು?

ಆ ಯುದ್ಧದಲ್ಲಿ ಬಲೂನಿನ ಬುಟ್ಟಿಯಲ್ಲಿ ಕೂತು ಶತ್ರುವಿನ ಫಿರಂಗಿ ಎಲ್ಲಿದೆ ಅಂತ ನೋಡುತ್ತಿದ್ದ ಬ್ರಿಟಿಷ್ ಸೈನಿಕರಿಗೆ ಪ್ಯಾರಾಚೂಟ್ ಇತ್ತು. ಅದೇ ಸೇನೆಯ ಪೈಲಟ್‌ಗಳಿಗೆ ಇರಲಿಲ್ಲ. ಮಾಡಿಕೊಡುವವರು ಇರಲಿಲ್ಲ ಅಂತಲ್ಲ. ಎವೆರಾರ್ಡ್ ಕ್ಯಾಲ್ತ್ರಾಪ್ ಅನ್ನುವ ಎಂಜಿನಿಯರ್ (ನಮ್ಮ ಕಡೆಯವರು ಪಂಢರಪುರಕ್ಕೆ ಹೋಗುತ್ತಿದ್ದ ಬಾರ್ಶಿ ಪುಟ್ಟ ರೈಲು ಕಟ್ಟಿಸಿದ್ದು ಇವರೇ!) 'ಗಾರ್ಡಿಯನ್ ಏಂಜೆಲ್' ಅಂತ ಒಂದು ಮಾಡಿ, ತಗೊಳ್ಳಿ ಅಂತ ಬೆನ್ನು ಹತ್ತಿದ್ದರು. ಭಾರ ಜಾಸ್ತಿ, ಜಾಗ ಇಲ್ಲ, ಪ್ಯಾರಾಚೂಟನ್ನು ಎಳೆದು ಬಿಚ್ಚಲು ವಿಮಾನಕ್ಕೆ ಕಟ್ಟಿದ ಹಗ್ಗ ಬಾಲಕ್ಕೆ ಸಿಕ್ಕಿಕೊಳ್ಳುತ್ತದೆ ಎಂದೆಲ್ಲ ಅಧಿಕಾರಿಗಳು ಹೇಳಿದರು. ಅದರಲ್ಲಿ ಸುಳ್ಳೇನಿಲ್ಲ. ಆದರೆ ಪ್ಯಾರಾಚೂಟ್ ಕೊಟ್ಟರೆ ಹುಡುಗರು ಸಣ್ಣ ಏಟಿಗೂ ವಿಮಾನ ಬಿಟ್ಟು ಹಾರಿಯಾರು ಅನ್ನೋ ಅನುಮಾನವೂ ಇತ್ತಲ್ಲ, ಅದನ್ನು ಹೇಗೆ ಒಪ್ಪೋದು?

ಜರ್ಮನರು 1918ರಲ್ಲಿ ಕೊಟ್ಟರು. ಅವರದ್ದೂ ಪೂರ್ತಿ ನಂಬುವಂಥದ್ದೇನಲ್ಲ. ಜೂನ್ 29ರಂದು ಅವರ ಪೈಲಟ್ ಅರ್ನ್ಸ್ಟ್ ಉಡೆಟ್ ಹಾರಿದಾಗ ಪ್ಯಾರಾಚೂಟಿನ ಪಟ್ಟಿ ವಿಮಾನದ ಬಾಲದಲ್ಲಿ ದಿಕ್ಕು ತಿರುಗಿಸುವ ರಡ್ಡರ್‌ಗೆ ಸಿಕ್ಕಿಕೊಂಡಿತು. ಅದರ ತುದಿ ಮುರಿದು ಬಿಡಿಸಿಕೊಂಡ. ನೆಲ ತೀರಾ ಹತ್ತಿರ ಬಂದಮೇಲೆ ಪ್ಯಾರಾಚೂಟ್ ಬಿಚ್ಚಿತು. ಕಾಲು ಉಳುಕಿತು, ಜೀವ ಉಳಿಯಿತು. ಮೂರು ವಾರ ಕಳೆದು, ಜುಲೈ 22ರಂದು, ಫ್ರಾನ್ಸಿನ ಆಕಾಶದಲ್ಲಿ ಬ್ರಿಟಿಷರ ಪರ ಹೋರಾಡುತ್ತಿದ್ದ ನಮ್ಮ ಪೈಲಟ್ ಇಂದ್ರಲಾಲ್ ರಾಯ್, ವಿಮಾನಕ್ಕೆ ಬೆಂಕಿ ಹತ್ತಿ ತೀರಿಕೊಂಡರು. ವಯಸ್ಸು 19. ಪ್ಯಾರಾಚೂಟ್ ಇದ್ದಿದ್ದರೆ ಬದುಕುತ್ತಿದ್ದರು ಅಂತ ನಾನು ಹೇಳಲಾರೆ. ಒಂದು ಅವಕಾಶವಾದರೂ ಇರುತ್ತಿತ್ತು, ಅಲ್ವಾ?

ಹಗ್ಗದ ತಾಪತ್ರಯಕ್ಕೆ ಒಳ್ಳೆ ಪರಿಹಾರ ಸಿಕ್ಕಿದ್ದು ಯುದ್ಧ ಮುಗಿದ ಮೇಲೆ. 1919ರ ಏಪ್ರಿಲ್ 28ರಂದು ಅಮೆರಿಕದ ಡೇಟನ್‌ನಲ್ಲಿ ಲೆಸ್ಲಿ ಇರ್ವಿನ್ ವಿಮಾನಕ್ಕೆ ಯಾವ ಹಗ್ಗವೂ ಕಟ್ಟದೆ ಹಾರಿ, ಗಾಳಿಯಲ್ಲಿ ತಾನೇ ದಾರ ಎಳೆದು ಪ್ಯಾರಾಚೂಟ್ ಬಿಚ್ಚಿದ. ಇಳಿಯುವಾಗ ಪಾದದ ಗಂಟು ಮುರಿಯಿತು ಅನ್ನೋದು ಬೇರೆ ಮಾತು. ಮುಂದೆ ಪ್ಯಾರಾಚೂಟಿನಿಂದ ಬದುಕಿಕೊಂಡವರಿಗೆ ಆತನ ಕಂಪನಿ ಚಿನ್ನದ ಪುಟ್ಟ ರೇಷ್ಮೆಹುಳುವಿನ ಪಿನ್ ಕೊಡುತ್ತಿತ್ತು. ಆಗ ಪ್ಯಾರಾಚೂಟಿನ ಬಟ್ಟೆ ರೇಷ್ಮೆಯದು ನೋಡಿ.

ಲೇಖನದ ಎರಡನೇ ಭಾಗ ಹಾಕುವುದಿದ್ದರೆ 1914ರಿಂದ ಶುರು ಮಾಡಿ, ರಾಯ್ ಅವರ ಫೋಟೊ ಸಮೇತ.

ನಿಮ್ಮ ಓದುಗ, ವಿಜಯಪುರ