ಹಾಯಿದೋಣಿಯ ಹಿಂದೆ ಕಯಾಕ್: ನಿಷೇಧ ಬೇಡ, ಹಗ್ಗಕ್ಕೊಂದು ನಿಯಮ ಬೇಕು

ಮಾನ್ಯ ಸಂಪಾದಕರೇ,

ಉಡುಪಿ ಜಿಲ್ಲೆಯ ಸೀತಾ ಮತ್ತು ಸ್ವರ್ಣಾ ನದಿಗಳು ಕೋಡಿ ಬೆಂಗ್ರೆಯಲ್ಲಿ ಕಡಲು ಸೇರುವ ಮುನ್ನ ಅಗಲವಾಗಿ ಹರಡಿಕೊಳ್ಳುವ ನೀರಿನಲ್ಲಿ, ಮಳೆಗಾಲ ಕಳೆದ ಮೇಲೆ ಕಯಾಕ್ (ಹುಟ್ಟು ಹಾಕಿ ನಡೆಸುವ ಪುಟ್ಟ ದೋಣಿ) ಮತ್ತು ಪ್ಯಾಡಲ್ ಬೋರ್ಡ್ (ಹುಟ್ಟು ಹಾಕಿ ಸಾಗುವ ತೇಲು ಹಲಗೆ) ಆಡಲು ಬರುವವರು ಈಚಿನ ವರ್ಷಗಳಲ್ಲಿ ಬಹಳ ಹೆಚ್ಚಿದ್ದಾರೆ. ಇವುಗಳ ನಡುವೆ ಅಪರೂಪಕ್ಕೆ ಒಂದೆರಡು ಸಣ್ಣ ಹಾಯಿದೋಣಿಗಳೂ ಕಾಣಿಸುತ್ತವೆ. ಹಾಯಿದೋಣಿಯವರು ಕೆಲವೊಮ್ಮೆ ಮಕ್ಕಳು ಕುಳಿತ ಕಯಾಕನ್ನೋ ಬೋರ್ಡನ್ನೋ ಹಿಂದೆ ಕಟ್ಟಿಕೊಂಡು ಮೋಜಿಗಾಗಿ ಒಂದು ಸುತ್ತು ಎಳೆದೊಯ್ಯುವುದುಂಟು. ನೀರಿನಲ್ಲಿ ಎಲ್ಲಿ ಏನು ಅವಘಡವಾದರೂ ಎಲ್ಲ ಬಗೆಯ ಜಲಕ್ರೀಡೆಗಳನ್ನು ಒಟ್ಟಿಗೆ ನಿಲ್ಲಿಸಿಬಿಡುವುದು ನಮ್ಮಲ್ಲಿ ರೂಢಿಯಾಗಿರುವುದರಿಂದ, ಈ ಆಟದ ಗುಣವನ್ನೂ ಅದರ ನಿಜವಾದ ಅಪಾಯವನ್ನೂ ಮುಂಚಿತವಾಗಿಯೇ ನಿಮ್ಮ ಓದುಗರ ಹಾಗೂ ಅಧಿಕಾರಿಗಳ ಗಮನಕ್ಕೆ ತರುವುದು ಈ ಪತ್ರದ ಉದ್ದೇಶ.

ಮೋಟಾರ್ ದೋಣಿಯ ಹಿಂದೆ ಗಾಳಿ ತುಂಬಿದ ಬಾಳೆಹಣ್ಣಿನಾಕಾರದ ತೆಪ್ಪ ಕಟ್ಟಿ ಎಳೆಯುವ ಆಟಕ್ಕೂ ಇದಕ್ಕೂ ಮುಖ್ಯ ವ್ಯತ್ಯಾಸವಿರುವುದು ವೇಗದಲ್ಲಿ. ನೀರನ್ನು ಸೀಳಿಕೊಂಡು ಸಾಗುವ ದೋಣಿಯ ವೇಗಕ್ಕೆ ಅದರ ಉದ್ದವೇ ಒಂದು ಮಿತಿ ಹಾಕುತ್ತದೆ. ನೀರು ತಾಗುವ ಭಾಗ 14 ಅಡಿ ಉದ್ದವಿರುವ ದೋಣಿಗೆ ಆ ಮಿತಿ ಸುಮಾರು 5 ನಾಟ್, ಅಂದರೆ ಗಂಟೆಗೆ 9 ಕಿಲೋಮೀಟರಿನ ಆಸುಪಾಸು. ಜೋರು ಗಾಳಿಗೆ ನೀರಿನ ಮೇಲೆದ್ದು ಜಾರಿಕೊಂಡು ಓಡಬಲ್ಲ ಹಗುರ ಹಾಯಿದೋಣಿಗಳು ಕೂಡ ಹಿಂದೆ ಭಾರ ಕಟ್ಟಿದಾಗ ಸಾಮಾನ್ಯವಾಗಿ ಈ ಮಿತಿಯನ್ನು ದಾಟಲಾರವು. ವೇಗ ಎರಡು ಪಟ್ಟಾದರೆ ನೀರಿನ ಎಳೆತ ಹೆಚ್ಚುಕಡಿಮೆ ನಾಲ್ಕು ಪಟ್ಟಾಗುವುದರಿಂದ, ನಿಧಾನವೇ ಇಲ್ಲಿ ಮೊದಲ ರಕ್ಷಣೆ. ಇದರಲ್ಲಿ ಎಂಜಿನ್ನಿನ ಸದ್ದಿಲ್ಲ, ನೀರಿಗೆ ಎಣ್ಣೆ ಬೀಳುವುದಿಲ್ಲ, ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳ ಬುಡಕ್ಕೆ ಬಡಿಯುವ ದೊಡ್ಡ ಅಲೆಗಳೂ ಏಳುವುದಿಲ್ಲ. ಹಾಯಿ ಬಿಡಲು ಬಾರದ ಮಕ್ಕಳು ಗಾಳಿ ಎತ್ತ ಬೀಸುತ್ತಿದೆ, ದೋಣಿ ಎತ್ತ ತಿರುಗುತ್ತಿದೆ ಎಂಬುದನ್ನು ಹಗ್ಗದ ಸೆಳೆತದಲ್ಲೇ ಗುರುತಿಸಲು ಕಲಿಯುತ್ತಾರೆ. ಇದನ್ನು ನಾನು ಮೆಚ್ಚುತ್ತೇನೆ ಮತ್ತು ಇದು ಉಳಿಯಬೇಕೆಂದು ಬಯಸುತ್ತೇನೆ.

ಆದರೆ ಹಗ್ಗವನ್ನು ಎಲ್ಲಿ ಮತ್ತು ಹೇಗೆ ಕಟ್ಟಲಾಗಿದೆ ಎಂಬುದನ್ನು ಯಾರೂ ವಿಚಾರಿಸುವುದಿಲ್ಲ. ಕಳೆದ ಜನವರಿಯ ಒಂದು ಮಧ್ಯಾಹ್ನ ಇದೇ ಹೊಳೆಯಲ್ಲಿ, ಇಬ್ಬರಿದ್ದ ಹಾಯಿದೋಣಿಯೊಂದು ಹುಡುಗನೊಬ್ಬ ಕುಳಿತಿದ್ದ ಬೋರ್ಡನ್ನು ಎಳೆದುಕೊಂಡು ಮರಳದಿಬ್ಬದ ಹತ್ತಿರ ಗಾಳಿಗೆದುರಾಗಿ ತಿರುಗಲು ಹೊರಟಿತು. ಮೂತಿ ಗಾಳಿಗೆ ನೇರವಾದ ಕ್ಷಣದಲ್ಲಿ ಹಾಯಿಗೆ ಬಲವಿರುವುದಿಲ್ಲ. ದೋಣಿ ತನ್ನ ಓಟದ ರಭಸದಿಂದಷ್ಟೇ ತಿರುಗಿಕೊಳ್ಳಬೇಕು. ಆ ರಭಸವನ್ನು ಹಿಂದಿನ ಭಾರ ನುಂಗಿಬಿಟ್ಟಿತು. ದೋಣಿ ಅಲ್ಲೇ ನಿಂತು, ಹಾಯಿ ಪಟಪಟನೆ ಬಡಿದುಕೊಳ್ಳುತ್ತಿದ್ದಂತೆ ಹಿಂದಕ್ಕೆ ಸರಿಯತೊಡಗಿತು, ಸಡಿಲಗೊಂಡ ಹಗ್ಗ ಮುಳುಗಿ ಚುಕ್ಕಾಣಿಗೆ ಸುತ್ತಿಕೊಂಡಿತು. ಅಷ್ಟರಲ್ಲಿ ಬೀಸಿದ ಗಾಳಿಗೆ ದೋಣಿ ಒಂದು ಮಗ್ಗುಲಿಗೆ ವಾಲಿತು. ಹಿಂಬದಿಯಲ್ಲಿದ್ದ ಯುವಕ ಒದ್ದೆ ನೈಲಾನ್ ಹಗ್ಗದ ಬಿಗಿದ ಗಂಟನ್ನು ಉಗುರಿನಿಂದ ಬಿಚ್ಚಲು ಹೆಣಗುತ್ತಿದ್ದ. ಕೊನೆಗೆ ಹತ್ತಿರದಲ್ಲಿ ಮರುವಾಯಿ (ಚಿಪ್ಪುಮೀನು) ಹೆಕ್ಕುತ್ತಿದ್ದವರೊಬ್ಬರು ಪಾತಿದೋಣಿಯಲ್ಲಿ ಬಂದು ತಮ್ಮ ಕತ್ತಿಯಿಂದ ಹಗ್ಗ ಕತ್ತರಿಸಿದರು. ಮೂವರೂ ಜೀವರಕ್ಷಕ ಜಾಕೆಟ್ ತೊಟ್ಟಿದ್ದರು, ಮೂವರಿಗೂ ಈಜು ಬರುತ್ತಿತ್ತು. ಆದರೂ ಆ ಗಂಟು ಬಿಚ್ಚಲಿಲ್ಲ.

ಬಂದರುಗಳಲ್ಲಿ ಹಡಗುಗಳನ್ನು ಎಳೆಯುವ ಟಗ್‌ಗಳಲ್ಲಿ ಎಳೆಯುವ ಕೊಕ್ಕೆ ಸಾಮಾನ್ಯವಾಗಿ ತೀರ ಹಿಂಬದಿಯಲ್ಲಿರದೆ ಚುಕ್ಕಾಣಿಗಿಂತ ಸಾಕಷ್ಟು ಮುಂದೆ, ನಡುಭಾಗದ ಸಮೀಪದಲ್ಲಿರುತ್ತದೆ. ಭಾರವನ್ನು ತೀರ ಹಿಂಬದಿಗೆ ಕಟ್ಟಿದರೆ ಅದು ದೋಣಿಯ ಹಿಂಭಾಗವನ್ನು ಅತ್ತಿತ್ತ ಸರಿಯಗೊಡದೆ ಹಿಡಿದಿಡುವುದರಿಂದ ಚುಕ್ಕಾಣಿ ತಿರುಗಿಸಿದರೂ ದೋಣಿ ತಿರುಗದು. ಸಣ್ಣ ಹಾಯಿದೋಣಿಯಲ್ಲಿ ಇದಕ್ಕೆ ಸುಲಭ ಪರಿಹಾರವಿದೆ. ಹಗ್ಗವನ್ನು ಹಾಯಿಮರದ ಬುಡಕ್ಕೆ ಒಂದೆರಡು ಸುತ್ತು ಹಾಕಿ, ಹಿಂಬದಿಯ ಅಂಚಿನ ಮೇಲಿಂದ ಹೊರಗೆ ಬಿಟ್ಟು, ಇನ್ನೊಂದು ತುದಿಯನ್ನು ಗಂಟು ಹಾಕದೆ ಜೊತೆಗಾರನ ಕೈಯಲ್ಲಿ ಕೊಡಬೇಕು. ಭಾರವನ್ನು ಸುತ್ತು ತಡೆದುಕೊಳ್ಳುತ್ತದೆ. ಕೈ ಬಿಟ್ಟ ಕೂಡಲೇ ಹಗ್ಗ ತಾನಾಗಿ ಜಾರಿ ಕಳಚಿಕೊಳ್ಳುತ್ತದೆ. ಹಗ್ಗವನ್ನು ಯಾರ ಕೈಗೂ ಸುತ್ತಿಕೊಳ್ಳುವಂತಿಲ್ಲ. ನೈಲಾನ್ ನೀರಿನಲ್ಲಿ ಮುಳುಗುವುದರಿಂದಲೂ ಹಿಗ್ಗಿ ಹಿಂದಕ್ಕೆ ಚಿಮ್ಮುವುದರಿಂದಲೂ ಈ ಕೆಲಸಕ್ಕೆ ತೇಲುವ ಪಾಲಿಪ್ರೊಪಿಲೀನ್ ಹಗ್ಗವೇ ಮೇಲು. ಕೈಗೆ ಎಟಕುವಲ್ಲಿ ಒಂದು ಹರಿತವಾದ ಚೂರಿ ಇರಲೇಬೇಕು.

ಹಿಂದೆ ಕುಳಿತವರಿಗೂ ಕೆಲಸವಿದೆ. ಎಳೆಸಿಕೊಳ್ಳುವ ಕಯಾಕಿನಲ್ಲಿ ಭಾರ ತುಸು ಹಿಂದಕ್ಕಿದ್ದರೆ ಮೂತಿ ಮೇಲೆದ್ದು ನೇರವಾಗಿ ಹಿಂಬಾಲಿಸುತ್ತದೆ. ಮುಂದೆ ಬಾಗಿ ಕುಳಿತರೆ ಎಡಕ್ಕೂ ಬಲಕ್ಕೂ ಓಲಾಡಿ ಮಗುಚುವ ಸಂಭವ ಹೆಚ್ಚು. ದೋಣಿ ತಿರುಗುವ ಮುನ್ನ ಹಾಯಿ ಹಿಡಿದವರು ಕೂಗಿ ಹೇಳಬೇಕು, ಹಿಂದಿನವರು ನಾಲ್ಕಾರು ಸಲ ಜೋರಾಗಿ ಹುಟ್ಟು ಹಾಕಿ ಭಾರವನ್ನು ತಗ್ಗಿಸಬೇಕು, ಆಗ ಸಡಿಲವಾದ ಹಗ್ಗವನ್ನು ಜೊತೆಗಾರ ಒಳಕ್ಕೆ ಎಳೆದುಕೊಳ್ಳಬೇಕು. ಈ ಮೂರು ಕೆಲಸಗಳು ಹೊಂದಿ ನಡೆದಾಗ ದೋಣಿ ಸಲೀಸಾಗಿ ತಿರುಗುತ್ತದೆ. ಹಗ್ಗ ಹಿಡಿದು ನೀರಿನಲ್ಲೇ ತೇಲುತ್ತಾ ಬರುವ ಆಟವನ್ನು ಮಾತ್ರ ಯಾವ ಕಾರಣಕ್ಕೂ ಒಪ್ಪಬಾರದು. ಎಳೆಯಬೇಕಾದುದು ಕಯಾಕನ್ನೋ ಬೋರ್ಡನ್ನೋ ಹೊರತು ಮನುಷ್ಯನ ಮೈಯನ್ನಲ್ಲ. ಪ್ಯಾಡಲ್ ಬೋರ್ಡಿನವರು ಕಣಕಾಲಿಗೆ ಕಟ್ಟಿಕೊಳ್ಳುವ ಪಟ್ಟಿಯ ಬಗ್ಗೆಯೂ ಎಚ್ಚರ ಬೇಕು. ಸೆಳವಿರುವ ನೀರಿನಲ್ಲಿ ಬೋರ್ಡು ಗೂಟಕ್ಕೋ ಬಲೆಗೋ ಸಿಕ್ಕಿಕೊಂಡರೆ ಕಾಲಿನ ಪಟ್ಟಿಗೆ ಕೈ ತಲುಪಿಸುವುದೇ ಕಷ್ಟ. ಅಂಥಲ್ಲಿ ಸೊಂಟಕ್ಕೆ ಕಟ್ಟಿ, ಒಂದೇ ಎಳೆತಕ್ಕೆ ಕಳಚಿಕೊಳ್ಳುವ ಪಟ್ಟಿಯನ್ನು ಬಳಸಬೇಕು.

ಇನ್ನು ಜಾಗದ ಮಾತು. ನಮ್ಮ ಕರಾವಳಿಯಲ್ಲಿ ಬೇಸಿಗೆಯ ಕಡಲಗಾಳಿ ಬಲಗೊಳ್ಳುವುದು ಮಧ್ಯಾಹ್ನದ ನಂತರ. ಗಂಟೆಗೆ 12ರಿಂದ 19 ಕಿಲೋಮೀಟರ್ ವೇಗದ ಗಾಳಿ ಈ ಆಟಕ್ಕೆ ಸಾಕು, ಅಲೆಗಳ ನೊರೆ ಎಲ್ಲೆಡೆ ಬೆಳ್ಳಗೆ ಕಾಣತೊಡಗಿದರೆ ಹಗ್ಗ ಬಿಚ್ಚಿ ದಡಕ್ಕೆ ಬರುವುದೇ ಸರಿ. ಇಳಿತದ ಹೊತ್ತಿನಲ್ಲಿ ಹೊಳೆಯ ಸೆಳವು ಅಳಿವೆಯ ಕಡೆಗೆ ಎಳೆಯುವುದರಿಂದ, ಆಗ ಅಳಿವೆಯ ಆಸುಪಾಸಿನಲ್ಲಿ ಎಳೆಯುವ ಆಟ ಕೂಡದು. ಹಂಗಾರಕಟ್ಟೆ ಕಡೆಯಿಂದ ಮೀನುಗಾರಿಕೆ ದೋಣಿಗಳು ಹೊರಡುವ ದಾರಿಯೂ ಅದೇ. ಹಾಯಿದೋಣಿಗೆ ಮೋಟಾರ್ ದೋಣಿಗಳು ದಾರಿ ಬಿಡಬೇಕೆಂಬ ಮಾತನ್ನು ಹವ್ಯಾಸಿಗಳು ಹೆಮ್ಮೆಯಿಂದ ಹೇಳುತ್ತಾರೆ, ಆದರೆ 1972ರ ಅಂತಾರಾಷ್ಟ್ರೀಯ ಡಿಕ್ಕಿ ತಡೆ ನಿಯಮಗಳ 9ನೇ ನಿಯಮವನ್ನು ಅವರು ಓದಿರುವುದಿಲ್ಲ. ಕಿರಿದಾದ ಕಾಲುವೆಯೊಳಗಷ್ಟೇ ಸುರಕ್ಷಿತವಾಗಿ ಸಾಗಬಲ್ಲ ನೌಕೆಗೆ ಹಾಯಿದೋಣಿ ಅಡ್ಡಿಯಾಗಬಾರದೆಂದು ಅದು ಸ್ಪಷ್ಟವಾಗಿ ಹೇಳುತ್ತದೆ. ದುಡಿಮೆಗೆ ಹೊರಟ ಮೀನುಗಾರರಿಗೆ ಮೋಜಿಗೆ ಬಂದವರು ದಾರಿ ಬಿಟ್ಟುಕೊಡುವುದು ನಿಯಮವಿಲ್ಲದಿದ್ದರೂ ಸಲ್ಲುವ ನಡತೆ.

1917ರ ಹಳೆಯ ಕಾಯ್ದೆಯ ಬದಲಿಗೆ ಬಂದ 2021ರ ಒಳನಾಡು ನೌಕೆಗಳ ಕಾಯ್ದೆಯಲ್ಲಿ ಯಂತ್ರವಿಲ್ಲದ ದೋಣಿಗಳಿಗೂ ಪ್ರತ್ಯೇಕ ಅಧ್ಯಾಯವಿದ್ದು, ಅವುಗಳ ಮೇಲ್ವಿಚಾರಣೆಯನ್ನು ಸ್ಥಳೀಯ ಸಂಸ್ಥೆಗಳಿಗೆ ವಹಿಸಲು ರಾಜ್ಯಗಳಿಗೆ ಅವಕಾಶ ನೀಡಲಾಗಿದೆ. ಆದ್ದರಿಂದ ಪ್ರವಾಸೋದ್ಯಮ ಇಲಾಖೆ ಮತ್ತು ಹೊಳೆಬದಿಯ ಗ್ರಾಮ ಪಂಚಾಯತಿಗಳು ಹಾಯಿದೋಣಿಯ ಎಳೆತವನ್ನು ಮೋಟಾರ್ ಆಟಗಳ ಪಟ್ಟಿಗೆ ಸೇರಿಸದೆ ಬೇರೆಯಾಗಿಯೇ ಪರಿಗಣಿಸಬೇಕೆಂದು ಕೋರುತ್ತೇನೆ. ತೇಲುವ ಹಗ್ಗ, ಗಂಟಿಲ್ಲದ ಹಿಡಿತ, ಚೂರಿ, ಒಂದು ದೋಣಿಗೆ ಒಂದೇ ಕಯಾಕ್ ಅಥವಾ ಬೋರ್ಡ್, ಅಳಿವೆಯಿಂದ ದೂರ ಎಂಬಿಷ್ಟನ್ನು ಕನ್ನಡದಲ್ಲಿ ಬರೆದ ಫಲಕಗಳನ್ನು ದೋಣಿ ಇಳಿಸುವ ಕಡೆಗಳಲ್ಲಿ ಹಾಕಿಸಲಿ. ಕಯಾಕ್ ಬಾಡಿಗೆಗೆ ಕೊಡುವವರು ಗ್ರಾಹಕರಿಂದ ಹಗ್ಗ ಬಿಡುವ ಅಭ್ಯಾಸವನ್ನು ದಡದ ಬಳಿ ಒಮ್ಮೆ ಮಾಡಿಸಿದ ನಂತರವೇ ನೀರಿಗೆ ಬಿಡಲಿ. ಮಳೆ ನಿಂತು ಪ್ರವಾಸಿಗರು ಬರಲಾರಂಭಿಸುವ ಅಕ್ಟೋಬರ್‌ಗೆ ಮುಂಚೆ ಇದು ಆಗಬೇಕು, ಮತ್ತು ಫಲಕದ ಒಕ್ಕಣೆಯನ್ನು ಅಂತಿಮಗೊಳಿಸುವ ಮೊದಲು ಆ ಹೊಳೆಯಲ್ಲೇ ದುಡಿಯುವ ಪಾತಿದೋಣಿಯವರ ಅಭಿಪ್ರಾಯವನ್ನು ಕೇಳಬೇಕು.

ಇಂತಿ,
ಒಬ್ಬ ಓದುಗ, ಬ್ರಹ್ಮಾವರ ತಾಲ್ಲೂಕು