ಓದಿ ಹೇಳಿದವರಿಗೆ

ಥೀಸಿಸ್ಸಿನ ವೈವಾ, ಅಂದರೆ ಮೌಖಿಕ ಪರೀಕ್ಷೆ, ಮುಗಿಯಿತು. ಡಿಗ್ರಿ ಕೊಡಬಹುದು ಅಂತ ಅಲ್ಲೇ ಹೇಳಿದರು. ಸಮೋಸ, ಬಾದಾಮಿ ಹಾಲು ಹಂಚಿದ್ದೂ ಆಯಿತು. ಅವತ್ತಿನಿಂದ ಫೋನು, ಮೆಸೇಜು ಬರುತ್ತಲೇ ಇವೆ. ಒಬ್ಬೊಬ್ಬರಿಗೂ ಬೇರೆ ಬೇರೆ ಉತ್ತರ ಬರೆಯೋಣ ಅಂದರೆ ಕಣ್ಣು ಇನ್ನೂ ಅಷ್ಟು ಹೊತ್ತು ಸ್ಕ್ರೀನ್ ತಡೆಯುವುದಿಲ್ಲ, ಹಾಗಾಗಿ ಎಲ್ಲರಿಗೂ ಸೇರಿಸಿ ಇಲ್ಲೇ ಬರೆಯುತ್ತಿದ್ದೇನೆ. ಥೀಸಿಸ್ ನಡುವೆಯೇ ಕಣ್ಣಿಗೆ ಎರಡು ಸಲ ಆಪರೇಷನ್ ಆಗಿ ಓದು ನಿಂತುಹೋದ ಕಥೆ ನಿಮಗೆಲ್ಲ ಗೊತ್ತಿರುವುದೇ. ಅದನ್ನು ಮತ್ತೆ ತೆಗೆಯುವುದಿಲ್ಲ.

ಹೊಸಬರಿಗೆ ಒಂದು ಮಾತು. ನನ್ನ ಥೀಸಿಸ್ ಇದ್ದದ್ದು ಅಮೆರಿಕದ ‘ನ್ಯೂಯಾರ್ಕರ್’ ವಾರಪತ್ರಿಕೆಯಲ್ಲಿ 1940ರಿಂದ 1965ರವರೆಗೆ ಬಂದ ದೊಡ್ಡ ವರದಿಗಳು ಮತ್ತು ಸಣ್ಣಕಥೆಗಳ ಮೇಲೆ. ಮೈಸೂರಲ್ಲಿ ಕೂತ್ಕೊಂಡು ನ್ಯೂಯಾರ್ಕಿನ ಪತ್ರಿಕೆ ಯಾಕಮ್ಮ ಅಂತ ಕೇಳಿದವರು ಬೇಕಾದಷ್ಟು ಜನ. ಅದಕ್ಕೆ ನನ್ನ ಹತ್ತಿರ ಸರಿಯಾದ ಉತ್ತರ ಯಾವತ್ತೂ ಇರಲಿಲ್ಲ. ಚೆನ್ನಾಗಿ ಬರೆದಿದ್ದಾರೆ, ಹೇಗೆ ಬರೆದರು ಅಂತ ತಿಳ್ಕೊಳ್ಳೋ ಆಸೆ, ಅಷ್ಟೇ.

ಸಮೀಕ್ಷೆ ಫಾರಂ, ಝೆರಾಕ್ಸ್, ಬೈಂಡಿಂಗ್ ಅಂತ ಓಡಾಡಿದ ವಿದ್ಯಾರ್ಥಿಗಳಿಗೆ, ಹಳೇ ಸಂಚಿಕೆಗಳ ಸ್ಕ್ಯಾನ್ ಹುಡುಕಿಕೊಟ್ಟ ಲೈಬ್ರರಿಯವರಿಗೆ, ನನ್ನ ಕ್ಲಾಸುಗಳನ್ನು ತಾವು ತೆಗೆದುಕೊಂಡ ಸಹೋದ್ಯೋಗಿಗಳಿಗೆ, ಚೆಕಪ್ ಇದ್ದ ದಿನ ಮೀಟರ್ ಹಾಕದೆ ಕರೆದುಕೊಂಡು ಹೋಗುತ್ತಿದ್ದ ಆಟೋದವರಿಗೆ, ಅಡುಗೆಮನೆ ಪೂರ್ತಿ ವಹಿಸಿಕೊಂಡ ಅಮ್ಮನಿಗೆ, ಮನೆ ಸಾಲ, ಮಗಳ ಪರೀಕ್ಷೆ ಎರಡನ್ನೂ ನನಗೆ ಗೊತ್ತಾಗದ ಹಾಗೆ ನೋಡಿಕೊಂಡ ನಮ್ಮ ಯಜಮಾನರಿಗೆ ದೊಡ್ಡ ನಮಸ್ಕಾರ. ರಜೆ ಅರ್ಜಿಯನ್ನು ಟೇಬಲ್ಲಿನಿಂದ ಟೇಬಲ್ಲಿಗೆ ತಳ್ಳಿದವರಿಗೂ ಏನೋ ಬರೆದಿದ್ದೆ, ಮಗಳು ಓದಿ ಅಳಿಸಿಹಾಕಿದಳು.

ಗೈಡ್ ಸರ್‌ಗೆ ಒಂದು ಪ್ಯಾರಾ ಕೊಡಲೇಬೇಕು. ಕೆಲವು ತಿಂಗಳು ಏನನ್ನೂ ಓದಬಾರದು ಅಂತ ಡಾಕ್ಟರು ಹೇಳಿದ ದಿನ ನಾನು ಅವರಿಗೆ ಫೋನ್ ಮಾಡಿ ರಿಜಿಸ್ಟ್ರೇಷನ್ ವಾಪಸ್ ತೆಗೀತೀನಿ ಸರ್ ಅಂದೆ. ಅವರು ಸಮಾಧಾನ ಹೇಳಲಿಲ್ಲ. “ಮೂರನೇ ಅಧ್ಯಾಯದಲ್ಲಿ ವೇದ್ ಮೆಹ್ತಾ ಬಗ್ಗೆ ನೀವೇ ಬರೆದಿದ್ದೀರಲ್ಲಮ್ಮ, ಅದನ್ನ ಯಾರ ಹತ್ರನಾದ್ರೂ ಓದಿಸಿ ಕೇಳಿ” ಅಂದು ಫೋನ್ ಇಟ್ಟರು. ವೇದ್ ಮೆಹ್ತಾ ಲಾಹೋರಿನಲ್ಲಿ ಹುಟ್ಟಿದವರು. ನಾಲ್ಕು ವರ್ಷ ತುಂಬುವ ಮೊದಲೇ ಮೆದುಳುಜ್ವರದಿಂದ ಕಣ್ಣು ಹೋಯಿತು. ಬೇರೆಯವರ ಹತ್ತಿರ ಓದಿಸಿಕೊಂಡು, ಬಾಯಲ್ಲಿ ಹೇಳಿ ಬರೆಸಿಯೇ ಅವರು 1961ರಲ್ಲಿ ನ್ಯೂಯಾರ್ಕರ್ ಬಳಗ ಸೇರಿದ್ದು. ಮರುವರ್ಷವೇ ನಮ್ಮ ಮೈಸೂರಿನ ಆರ್.ಕೆ. ನಾರಾಯಣ್ ಬಗ್ಗೆ ಅದರಲ್ಲಿ ಉದ್ದನೆಯ ಪ್ರೊಫೈಲ್ ಬರೆದರು. ಇದೆಲ್ಲ ನನಗೆ ಬಾಯಿಪಾಠ. ನನ್ನ ಪಾಲಿಗೂ ಕೆಲಸಕ್ಕೆ ಬರಬಹುದು ಅಂತ ಮಾತ್ರ ಹೊಳೆದಿರಲಿಲ್ಲ.

ಇನ್ನು ಅತ್ತಿಗೆ.

ನಮ್ಮಣ್ಣನ ಹೆಂಡತಿ. ಮಂಡ್ಯ ಕಡೆಯ ಹಳ್ಳಿಯಲ್ಲಿ ಹಾಲಿನ ಡೇರಿ ಕಾರ್ಯದರ್ಶಿ. ಬೆಳಿಗ್ಗೆ ಸಂಜೆ ಎರಡು ಹೊತ್ತೂ ಯಾರ ಮನೆಯ ಹಾಲು ಎಷ್ಟು ಲೀಟರ್, ಫ್ಯಾಟ್ ಎಷ್ಟು, ಡಿಗ್ರಿ ಎಷ್ಟು ಅಂತ ಬರೆದಿಡುವುದು ಅವರ ಕೆಲಸ. ಪಿಯುಸಿ ಓದಿದ್ದಾರೆ. ಇಂಗ್ಲಿಷ್ ಬರುತ್ತೆ, ಆದರೆ ಅಕ್ಷರ ಅಕ್ಷರ ಜೋಡಿಸಿಕೊಂಡು ನಿಧಾನಕ್ಕೆ. ನನ್ನ ಎರಡನೇ ಆಪರೇಷನ್ ಆದಾಗ ಡೇರಿ ಕೀಲಿಯನ್ನು ಇನ್ನೊಬ್ಬರ ಕೈಗೆ ಕೊಟ್ಟು, ಯಾರೂ ಕರೆಯದೆ ಬಸ್ ಹತ್ತಿ ಬಂದವರು.

ಆ ರಾತ್ರಿ ಹೇಗಿತ್ತು ಅಂತ ಪೂರ್ತಿ ಬರೆಯಲಾರೆ. ಮುಖ ಕೆಳಗೆ ಮಾಡಿಯೇ ಮಲಗಬೇಕಿತ್ತು, ಕತ್ತೆತ್ತುವ ಹಾಗಿಲ್ಲ. ನೋವಿಗೆ ಮಾತ್ರೆ ಕೊಟ್ಟಿದ್ದರು, ಭಯಕ್ಕೆ ಏನೂ ಕೊಟ್ಟಿರಲಿಲ್ಲ. ಹನ್ನೊಂದು ಗಂಟೆ ಸುಮಾರಿಗೆ ನಾನು ಕೆಟ್ಟ ಕೆಟ್ಟದಾಗಿ ಮಾತಾಡತೊಡಗಿದೆ. ಥೀಸಿಸ್ ಸುಟ್ಟುಹಾಕಿ, ಓದೋಕಾಗದ ಮೇಲೆ ನಾನು ಯಾಕಿರಬೇಕು, ಹೀಗೇ ಏನೇನೋ. ಅತ್ತಿಗೆ ಹಾಗೆಲ್ಲ ಅನ್ನಬಾರದು ಅಂತ ಒಂದು ಸಲವೂ ಹೇಳಲಿಲ್ಲ. ನಾನು ಸುಸ್ತಾಗಿ ಸುಮ್ಮನಾದ ಮೇಲೆ, “ಏನಾದ್ರೂ ಓದ್ಲೇನೇ?” ಅಂದರು. ಬ್ಯಾಗಿನಲ್ಲಿ ಇದ್ದದ್ದು ಒಂದೇ ಝೆರಾಕ್ಸ್ ಕಟ್ಟು. ಜಾನ್ ಹರ್ಸಿಯ ‘ಹಿರೋಶಿಮಾ’.

ಎಂಥ ರಾತ್ರಿ ಎಂಥ ಓದು ಅಲ್ವಾ. ನ್ಯೂಯಾರ್ಕರ್ ಪತ್ರಿಕೆಯ 1946ರ ಆಗಸ್ಟ್ 31ರ ಸಂಚಿಕೆ ಅದು. ಹೊದಿಕೆಯಲ್ಲಿ ಬೇಸಿಗೆಯ ಪಾರ್ಕು, ಜನ ಆರಾಮಾಗಿ ಈಜಾಡುತ್ತ, ಆಟ ಆಡುತ್ತ ಇರುವ ಚಿತ್ರ. ಒಳಗೆ ಇಡೀ ಸಂಚಿಕೆ ತುಂಬ ಒಂದೇ ವರದಿ, ಸುಮಾರು 31,000 ಪದ. ಮೊದಲು ಅಂದುಕೊಂಡಿದ್ದು ನಾಲ್ಕು ಕಂತು. ಮ್ಯಾನೇಜಿಂಗ್ ಎಡಿಟರ್ ವಿಲಿಯಂ ಶಾನ್ ಒಟ್ಟಿಗೇ ಹಾಕೋಣ ಅಂದ, ಸಂಪಾದಕ ಹೆರಾಲ್ಡ್ ರಾಸ್ ಯೋಚನೆ ಮಾಡಿ ಒಪ್ಪಿಕೊಂಡ. ಅಣುಬಾಂಬು ಬಿದ್ದ ಊರಿನ ಆರು ಜನ ಆ ಹೊತ್ತಿನಲ್ಲಿ ಏನು ಮಾಡುತ್ತಿದ್ದರು, ಆಮೇಲೆ ಏನಾದರು, ಅಷ್ಟೇ ವಿಷಯ. ಹಾಗೆ ಕೆಲವೇ ಜನರ ಬೆನ್ನು ಹಿಡಿದು ಹೇಳುವ ದಾರಿ ಹರ್ಸಿಗೆ ಹೊಳೆದಿದ್ದೂ ಮೈ ಹುಷಾರಿಲ್ಲದೆ ಮಲಗಿದ್ದಾಗಲೇ. ಚೀನಾ ಕಡೆಯ ಸಮುದ್ರದಲ್ಲಿ, ಹಡಗಿನಲ್ಲಿ ಫ್ಲೂ ಬಂದು ಮಲಗಿದ್ದವನಿಗೆ ನಾವಿಕರು ಓದಲು ತಂದುಕೊಟ್ಟ ಪುಸ್ತಕಗಳಲ್ಲಿ ಥಾರ್ನ್‌ಟನ್ ವೈಲ್ಡರ್‌ನ ಪುಟ್ಟ ಕಾದಂಬರಿಯೊಂದಿತ್ತು. ಒಂದು ಸೇತುವೆ ಮುರಿದು ಬಿದ್ದು ಸತ್ತ ಐದು ಜನರ ಕಥೆ. ಅಲ್ಲಿಂದ ಬಂತು ವರದಿ ಹೆಣೆದ ಆ ರೀತಿ.

ಅತ್ತಿಗೆ ಒಂದೊಂದು ವಾಕ್ಯ ಇಂಗ್ಲಿಷಿನಲ್ಲಿ ಓದಿ, ತಮಗೆ ತಿಳಿದ ಹಾಗೆ ಕನ್ನಡದಲ್ಲಿ ಹೇಳುತ್ತ ಹೋದರು. ಅವರಿಗೆ ಮೊದಲು ಕಣ್ಣಿಗೆ ಬಿದ್ದದ್ದು ಲೆಕ್ಕ. ದರ್ಜಿಯ ವಿಧವೆ ನಕಾಮುರಾ ಇದ್ದದ್ದು ಬಾಂಬು ಬಿದ್ದ ಜಾಗದಿಂದ 1,350 ಗಜ ದೂರ, ಪಾದ್ರಿ ತಾನಿಮೊಟೊ ಇದ್ದದ್ದು 3,500 ಗಜ ದೂರ. “ಒಬ್ಬೊಬ್ಬರಿಗೂ ಬೇರೆ ಎಂಟ್ರಿ ಹಾಕಿದ್ದಾನೆ ನೋಡೇ” ಅಂದರು. ಸ್ವಲ್ಪ ಹೊತ್ತಾದ ಮೇಲೆ, “ಇವನು ಯಾರನ್ನೂ ಬೈಯೋದೇ ಇಲ್ವಲ್ಲ?” ಅಂತ ಕೇಳಿದರು. ಹರ್ಸಿಯ ತಣ್ಣನೆಯ ಧಾಟಿಯ ಬಗ್ಗೆ ನಾನು ಇಪ್ಪತ್ತು ಪುಟ ಕೊರೆದಿದ್ದೆ. ಅಷ್ಟನ್ನೂ ಅವರು ಒಂದೇ ಪ್ರಶ್ನೆಯಲ್ಲಿ ಕೇಳಿಬಿಟ್ಟರು. ಅಷ್ಟರಲ್ಲಿ ಪರದೆ ಆಚೆಯ ಮಂಚದ ಅಜ್ಜಿಯೂ ಎಚ್ಚರವಾಗಿ ಕೇಳಿಸಿಕೊಳ್ಳುತ್ತಿದ್ದರು. ನಕಾಮುರಾ ಓಡಿಹೋಗುವ ಮೊದಲು ತನ್ನ ಹೊಟ್ಟೆಪಾಡಿನ ಹೊಲಿಗೆ ಮಿಷನ್ನನ್ನು ಮನೆ ಮುಂದಿನ ನೀರಿನ ತೊಟ್ಟಿಗೆ ಮುಳುಗಿಸಿ ಹೋಗುತ್ತಾಳೆ. ಅಲ್ಲಿ ಅಜ್ಜಿ ತಡೆಯಲಾರದೆ “ಅಯ್ಯೋ, ಮಿಷನ್ ತುಕ್ಕು ಹಿಡಿಯಲ್ವೇನಮ್ಮ?” ಅಂದರು. ಹಿಡಿಯುತ್ತೆ. ಮುಂದೆ ಅದನ್ನು ಎತ್ತಿಸಿದಾಗ ತುಕ್ಕು ಹಿಡಿದಿರುತ್ತೆ. ನಾನು ಮುಖ ದಿಂಬಿನಲ್ಲಿ ಹುದುಗಿಸಿಕೊಂಡೇ ಹೌದು ಅಜ್ಜಿ ಅಂದೆ. ಅವತ್ತು ಸಂಜೆಯಿಂದ ನಾನಾಡಿದ ಮೊದಲ ನೆಟ್ಟಗಿನ ಮಾತು ಅದು.

ಆಮೇಲೆ ಡಾಕ್ಟರ್ ಸಸಾಕಿಯ ಭಾಗ ಬಂತು. ರೆಡ್‌ಕ್ರಾಸ್ ಆಸ್ಪತ್ರೆಯಲ್ಲಿ ಗಾಯವಿಲ್ಲದೆ ಉಳಿದ ಡಾಕ್ಟರು ಅವರೊಬ್ಬರೇ. ಇದ್ದದ್ದು 600 ಹಾಸಿಗೆ, ಬಂದದ್ದು 10,000 ಜನ. ತಮ್ಮ ಕನ್ನಡಕ ಹೋಗಿತ್ತು, ಗಾಯಗೊಂಡ ನರ್ಸ್ ಒಬ್ಬಳ ಕನ್ನಡಕ ತೆಗೆದು ಹಾಕಿಕೊಂಡರು. ನಂಬರ್ ಸರಿಹೊಂದದ ಆ ಕನ್ನಡಕದಲ್ಲೇ ಒಂದು ತಿಂಗಳಿಗೂ ಮೇಲೆ ಕೆಲಸ ಮಾಡಿದರು. ಅಲ್ಲಿ ಅತ್ತಿಗೆ ಓದು ನಿಲ್ಲಿಸಿ, ನೀರು ಕುಡಿದು, “ನೋಡ್ದಾ?” ಅಂದರು. ಅಷ್ಟೇ, ಮುಂದಕ್ಕೆ ವಿವರಣೆ ಇಲ್ಲ.

ಹಿರೋಶಿಮಾದ ಮೂರನೇ ಅಧ್ಯಾಯಕ್ಕೆ ಬರುವ ಹೊತ್ತಿಗೆ ನನಗೆ ಎದೆ ಹೊಡೆದುಕೊಳ್ಳುತ್ತಿತ್ತು. ಅಲ್ಲೊಂದು ಕಡೆ ಕ್ಲೈನ್‌ಸೋರ್ಗೆ ಎಂಬ ಜರ್ಮನ್ ಪಾದ್ರಿ ನೀರು ತರುವಾಗ ಪೊದೆಯ ಹಿಂದೆ ಕೆಲವು ಸೈನಿಕರನ್ನು ನೋಡುತ್ತಾನೆ. ಅವರ ಕಣ್ಣಿಗೆ ಏನಾಗಿತ್ತು ಅಂತ ಹರ್ಸಿ ಬರೆದಿದ್ದಾನೆ, ಓದಿದವರಿಗೆ ಗೊತ್ತು. ಆ ಪುಟ ಬಂತು. ನನಗೆ ಅದು ಹೆಚ್ಚುಕಡಿಮೆ ಬಾಯಿಗೇ ಬರುತ್ತಿತ್ತು. ಅತ್ತಿಗೆ ತಡವರಿಸದೆ ಮುಂದಿನ ಪ್ಯಾರಾಕ್ಕೆ ಹೋದರು. ನಡುವಿನದ್ದು ಬಿಟ್ಟುಹೋಯಿತು ಅಂತ ಧ್ವನಿಯಲ್ಲಿ ಗೊತ್ತೇ ಆಗಲಿಲ್ಲ. ಅಂದರೆ ಅವರು ನಿಧಾನಕ್ಕೆ ಓದುತ್ತಿದ್ದದ್ದು ಇಂಗ್ಲಿಷ್ ಬರದೆ ಅಲ್ಲ. ನನಗೆ ಏನು ಹೇಳಬೇಕು, ಏನು ಬೇಡ ಅಂತ ಮುಂದಿನ ಸಾಲನ್ನು ಮೊದಲೇ ನೋಡಿಕೊಳ್ಳುತ್ತಿದ್ದರು. ನಾನು ಕೇಳಲಿಲ್ಲ, ಅವರೂ ಇವತ್ತಿನವರೆಗೂ ಹೇಳಿಲ್ಲ. ಇದನ್ನು ಓದಿದಾಗ ಬೈತಾರೆ.

1946ರ ಸೆಪ್ಟೆಂಬರಿನಲ್ಲಿ ಅಮೆರಿಕದ ಎಬಿಸಿ ರೇಡಿಯೋ ಹರ್ಸಿಯ ಆ ವರದಿಯನ್ನು ನಾಲ್ಕು ಸಂಜೆ ಓದಿ ಪ್ರಸಾರ ಮಾಡಿತ್ತು. ಸಂಗೀತ ಇಲ್ಲ, ಸದ್ದುಗದ್ದಲ ಇಲ್ಲ, ಬರೀ ಓದು. ನನ್ನ ಥೀಸಿಸ್ಸಿನಲ್ಲಿ ಇದು ಮೊದಲು ಒಂದು ಅಡಿಟಿಪ್ಪಣಿ ಆಗಿತ್ತು. ಈಗ ಪೂರ್ತಿ ಒಂದು ಅಧ್ಯಾಯ. ಯಾಕೆ ಅಂತ ವೈವಾದಲ್ಲಿ ಕೇಳಿದರು. ಈ ಬರವಣಿಗೆ ಕಿವಿಗೂ ನಿಲ್ಲುತ್ತದೆ, ನಾನೇ ಕೇಳಿದ್ದೇನೆ ಸರ್ ಅಂದೆ. ಎಲ್ಲಿ ಅಂತ ಅವರು ಕೇಳಲಿಲ್ಲ, ಪುಣ್ಯ.

ಮನೆಗೆ ಬಂದ ಮೇಲೂ ಓದು ಮುಂದುವರಿಯಿತು. ಅತ್ತಿಗೆ ಊರಿಗೆ ಹೋದರು, ಡೇರಿ ಬಾಗಿಲು ಹಾಕಿದ ಮೇಲೆ ರಾತ್ರಿ ಫೋನಿನಲ್ಲಿ ಓದುತ್ತಿದ್ದರು. ಶರ್ಲಿ ಜಾಕ್ಸನ್‌ಳ ‘ದಿ ಲಾಟರಿ’ ಹಾಗೆಯೇ ಆದದ್ದು. 1948ರ ಜೂನ್ 26ರ ಸಂಚಿಕೆಯ ಕಥೆ ಅದು. ಚಿಕ್ಕ ಹಳ್ಳಿ, ವರ್ಷಕ್ಕೊಮ್ಮೆ ಊರವರೆಲ್ಲ ಸೇರಿ ಚೀಟಿ ಎತ್ತುತ್ತಾರೆ. ಯಾಕೆ ಅಂತ ಕೊನೆಗೆ ಗೊತ್ತಾಗುತ್ತೆ. ಆ ಬೇಸಿಗೆಯಲ್ಲಿ ಅವಳಿಗೆ 300ಕ್ಕೂ ಹೆಚ್ಚು ಪತ್ರ ಬಂದವು, ಒಳ್ಳೆ ಮಾತಿದ್ದದ್ದು 13ರಲ್ಲಿ ಮಾತ್ರ. ಈ ಲಾಟರಿ ಯಾವೂರಲ್ಲಿ ನಡೆಯುತ್ತೆ, ಹೋಗಿ ನೋಡಬಹುದಾ ಅಂತ ಕೇಳಿದವರೂ ಇದ್ದರು. ಆಗ ಆ ಪತ್ರಿಕೆ ಇದು ಕಥೆ, ಇದು ವರದಿ ಅಂತ ಹಣೆಪಟ್ಟಿ ಹಚ್ಚುತ್ತಿರಲಿಲ್ಲ.

ಅತ್ತಿಗೆ ಓದಿ ಮುಗಿಸಿ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ, “ಪಾತ್ರೆ ತೊಳೀತಾ ದಿನ ಮರ್ತೇ ಹೋಯ್ತು ಅಂತ ನಗ್ತಾ ಬಂದವಳಿಗೇ ಬಂತಾ ಚೀಟಿ” ಅಂದರು. ಇನ್ನೊಂದು ಕೇಳಿದರು ನೋಡಿ. ಕೊನೆಯಲ್ಲಿ ಚೀಟಿ ಬಂದವಳನ್ನು ಊರವರೇ ಕಲ್ಲು ಹೊಡೆದು ಕೊಲ್ಲುವಾಗ ಅವಳ ಪುಟ್ಟ ಮಗನ ಕೈಗೂ ಯಾರೋ ಒಂದಿಷ್ಟು ಸಣ್ಣ ಕಲ್ಲು ಕೊಡುತ್ತಾರೆ. “ಅದನ್ನ ಕೊಟ್ಟವರು ಯಾರು ಅಂತ ಯಾಕೆ ಬರೆದಿಲ್ಲ? ಊರವರ ಹೆಸರೆಲ್ಲ ಬರೆದಿದ್ದಾಳಲ್ಲ.” ನಾನು ಎಷ್ಟೋ ವರ್ಷದಿಂದ ಪಾಠ ಮಾಡುತ್ತಿರುವ ಕಥೆ. ಈ ಪ್ರಶ್ನೆಯನ್ನು ಯಾವ ವಿದ್ಯಾರ್ಥಿಯೂ ಕೇಳಿರಲಿಲ್ಲ, ಯಾವ ವಿಮರ್ಶೆಯಲ್ಲೂ ನಾನು ಓದಿರಲಿಲ್ಲ. ಐದನೇ ಅಧ್ಯಾಯದ ಕೊನೆಯ ಭಾಗ ಪೂರ್ತಿ ಅದರ ಮೇಲೆಯೇ ನಿಂತಿದೆ. ಹೊರಗಿನ ಪರೀಕ್ಷಕರು ಆ ಭಾಗವನ್ನೇ ಹೊಗಳಿದಾಗ ನಾನು ಇದು ನಮ್ಮ ಅತ್ತಿಗೆಯದು ಅಂತಲೇ ಹೇಳಿದೆ. ತಮಾಷೆ ಅಂದುಕೊಂಡರು.

ನಡುವೆ ಒಂದು ಕಾಲ ಬರೀ ಮಂಕಾಗಿ ಹೋಯಿತು. ಕಣ್ಣು ಪರವಾಗಿಲ್ಲ ಅಂದಮೇಲೂ ಬರೆಯಲು ಕೈ ಬರಲಿಲ್ಲ. ಸಿಕ್ಕವರೆಲ್ಲ ಥೀಸಿಸ್ ಎಲ್ಲಿಗೆ ಬಂತು ಅಂತ ಕೇಳುವಾಗ ನನಗೆ ನ್ಯೂಯಾರ್ಕರ್ ವರದಿಗಾರ ಜೋಸೆಫ್ ಮಿಚೆಲ್ ನೆನಪಾಗುತ್ತಿದ್ದ. ಜಗತ್ತಿನ ಮಾತನ್ನೆಲ್ಲ ಬರೆದಿಡುತ್ತಿದ್ದೇನೆ ಅಂತ ಹೇಳಿಕೊಂಡು ತಿರುಗುತ್ತಿದ್ದ ಜೋ ಗೂಲ್ಡ್ ಎಂಬುವನು ನಿಜಕ್ಕೂ ಆ ಪುಸ್ತಕ ಬರೆದೇ ಇರಲಿಲ್ಲ ಅಂತ 1964ರಲ್ಲಿ ಮಿಚೆಲ್ ಎರಡು ಕಂತುಗಳಲ್ಲಿ ಬರೆದ. ಅದಾದ ಮೇಲೆ 1996ರಲ್ಲಿ ಸಾಯುವ ತನಕ ಆಫೀಸಿಗೆ ಬರುತ್ತಲೇ ಇದ್ದ, ಪತ್ರಿಕೆಗೆ ಹೊಸದೊಂದು ವರದಿ ಬರೆಯಲಿಲ್ಲ. ಇದನ್ನು ಅತ್ತಿಗೆಗೆ ಹೇಳಿದೆ, ನನ್ನ ಕಥೆಯೂ ಹಾಗೇ ಆಗುತ್ತೇನೋ ಅಂತ. “ಅವನಿಗೆ ಸಂಬಳ ಕೊಡೋರಿದ್ರು ಕಣೇ, ನಿಂಗೆ ಯಾರು ಕೊಡ್ತಾರೆ, ಎದ್ದು ಬರಿ” ಅಂದರು. ಎದ್ದು ಬರೆದೆ.

ಥೀಸಿಸ್ಸಿನ ಒಂದು ಪ್ರತಿ ಅವರಿಗೆ ಕಳಿಸಿದ್ದೇನೆ. ಡೇರಿ ಬೀರುವಿನಲ್ಲಿ ಆಡಿಟ್ ಫೈಲಿನ ಪಕ್ಕ ಇಟ್ಟಿದ್ದಾರಂತೆ. ದಪ್ಪ ನೋಡಿ ಸಂಘದ ಅಧ್ಯಕ್ಷರು ಇದ್ಯಾವ ವರ್ಷದ ಲೆಕ್ಕ ಅಂತ ಕೇಳಿದರಂತೆ. ಬೇರೆಯವರಿಗೆ ಬೇಕಾದರೆ ಪಿಡಿಎಫ್ ಇದೆ, ಕೇಳಿ, ಕಳಿಸ್ತೀನಿ.

ಓದು ನಿಂತಿಲ್ಲ. ಈಗ ಟ್ರೂಮನ್ ಕಪೋಟಿ ನಡೆಯುತ್ತಿದೆ, 1965ರಲ್ಲಿ ನಾಲ್ಕು ಕಂತಾಗಿ ಬಂದ ಕ್ಯಾನ್ಸಸ್ ಕೊಲೆಗಳ ಕಥೆ. ಅವನು ಜನರ ಹತ್ತಿರ ಮಾತಾಡುವಾಗ ನೋಟ್ಸ್ ಬರೆದುಕೊಳ್ಳುತ್ತಿರಲಿಲ್ಲವಂತೆ, ಟೇಪೂ ಇಲ್ಲ, ಎಲ್ಲ ನೆನಪಿನಲ್ಲೇ ಇಟ್ಟುಕೊಂಡು ಆಮೇಲೆ ಬರೆಯುತ್ತಿದ್ದನಂತೆ. ಮೊದಲ ಕಂತಿಗೇ ಜಗಳ ಶುರುವಾಗಿದೆ. ನಾನು ಅವನ ಕಡೆ ವಾದ ಮಾಡುತ್ತೇನೆ. ಅತ್ತಿಗೆ ಒಪ್ಪುತ್ತಿಲ್ಲ. ಸಂಜೆ ಹಾಲು ಹಾಕಿಸಿಕೊಂಡಿದ್ದನ್ನು ಬರೆಯದೆ ಬಿಟ್ಟರೆ ಬೆಳಿಗ್ಗೆಗೆ ಅರ್ಧ ಲೀಟರ್ ಹೆಚ್ಚುಕಮ್ಮಿ ಆಗಿರುತ್ತೆ, ಇವನದ್ದು ಅದೆಂಥ ತಲೆ ಅಂತ ಅವರ ಪ್ರಶ್ನೆ. ಬರುವ ಭಾನುವಾರ ಎರಡನೇ ಕಂತು.